ಡಾರ್ಸಿ ಈಗ ಡಾಕ್ಟರ್

ಇಂಗ್ಲಿಷ್ ಕಾದಂಬರಿಕಾರ್ತಿ ಜೇನ್ ಆಸ್ಟೆನ್ ಕಥೆಗಳನ್ನು ಈ ಕಾಲಕ್ಕೆ ತಂದು ಬರೆದ ಪ್ರೇಮ ಕಾದಂಬರಿಗಳ ಹುಚ್ಚು ಹಿಡಿದಿದೆ ನನಗೆ. ಸದ್ಯ ಕೈಯಲ್ಲಿರುವುದು ಕರ್ಟಿಸ್ ಸಿಟ್ಟನ್‌ಫೆಲ್ಡ್ ಅವರ 'ಎಲಿಜಿಬಲ್' (2016). ಆಸ್ಟೆನ್‌ರ 1813ರ 'ಪ್ರೈಡ್ ಅಂಡ್ ಪ್ರೆಜುಡಿಸ್' ಇಲ್ಲಿ ಅಮೆರಿಕದ ಸಿನ್ಸಿನಾಟಿಗೆ ಬಂದಿದೆ. ನಾಯಕ ಡಾರ್ಸಿ ನ್ಯೂರೋಸರ್ಜನ್. ಅವನ ಗೆಳೆಯ ಬಿಂಗ್ಲಿಯೂ ಡಾಕ್ಟರೇ, ಜೊತೆಗೆ ಹುಡುಗಿ ಹುಡುಕುವ ರಿಯಾಲಿಟಿ ಶೋನಲ್ಲಿ ಮುಖ ತೋರಿಸಿ ಬಂದವನು! ನಾಯಕಿ ಎಲಿಜಬೆತ್‌ಳ ಅಮ್ಮ ಮಿಸೆಸ್ ಬೆನೆಟ್ ಮಾತ್ರ ಯಾವ ಕಾಲಕ್ಕೂ ಹಾಗೇ ನಡೆಯುತ್ತಾರೆ, ಅಲ್ವಾ?

ಆದರೂ ಒಂದು ಕೊರತೆ. ಹಳೆಯ ಕಥೆಯಲ್ಲಿ ಅಪ್ಪನ ನಂತರ ಆಸ್ತಿ ಹೆಣ್ಣುಮಕ್ಕಳಿಗೆ ಸಿಗುವುದಿಲ್ಲ, ಸಂಬಂಧಿಕ ಕಾಲಿನ್ಸ್ ಪಾಲಾಗುತ್ತದೆ. ಅಂಥ ಸ್ಥಿತಿಯಲ್ಲೂ ವರ್ಷಕ್ಕೆ ಹತ್ತು ಸಾವಿರ ಪೌಂಡ್ ಆದಾಯದ ಡಾರ್ಸಿ ಮದುವೆಗೆ ಕೇಳಿದಾಗ ಬೇಡ ಅಂದವಳು ಎಲಿಜಬೆತ್. 'ಎಲಿಜಿಬಲ್'ನ ಎಲಿಜಬೆತ್, ಅಂದರೆ ಈಗಿನ ಲಿಜ್‌ಗೆ ಕೆಲಸ ಇದೆ, ಸಂಬಳ ಇದೆ. ಅವಳು ಬೇಡ ಅಂದರೆ ನನಗೇನೂ ಎದೆ ಹೊಡೆದುಕೊಳ್ಳಲಿಲ್ಲ.

ಆಸ್ಟೆನ್‌ರ ಇನ್ನೊಂದು ಕಾದಂಬರಿ 'ಪರ್ಸ್ಯುಯೇಷನ್' ಅನ್ನು ಈ ಕಾಲಕ್ಕೆ ತರುವುದು ಇನ್ನೂ ಕಷ್ಟ. ಅದರ ಪ್ರೇಮಿಗಳಾದ ಆನ್ ಮತ್ತು ವೆಂಟ್‌ವರ್ತ್ ಎಂಟು ವರ್ಷ ದೂರವಿದ್ದವರು. ಇನ್‌ಸ್ಟಾಗ್ರಾಂ ಕಾಲದಲ್ಲಿ ಅಷ್ಟು ದೂರ ಹೇಗೆ ಸಾಧ್ಯ? ಮಧ್ಯರಾತ್ರಿ ಸುಮ್ನೆ ಅವನ ಹಳೆಯ ಫೋಟೋ ನೋಡುತ್ತಾ ಬೆರಳು ತಾಗಿ ಲೈಕ್ ಬಿದ್ದರೆ ಕಥೆಯೇ ಮುಗಿಯಿತು. ಇದನ್ನು ನಂಬುವ ಹಾಗೆ ಬರೆದವರಿದ್ದರೆ ಹೆಸರು ಹೇಳಿ, ಇವತ್ತೇ ಹುಡುಕುತ್ತೇನೆ.