ಸಾಯುವ ಮೊದಲೇ ಅಳಿಸಿದ ಹೆಸರು: ಕಾದಂಬರಿಯ ಕೆಲಸ ಎಲ್ಲಿಗೆ ಬಂತು

ಎರಡನೆಯ ಭಾಗದ ಕರಡು ಮುಗಿದಿದೆ. ಸೊಸೆ ಟ್ರಂಕಿನ ಹಳೆಯ ಕಾಗದಗಳನ್ನು ಓದಿಬಿಟ್ಟಿದ್ದಾಳೆ. ಓದಿದ್ದಾಳೆಂದು ಅತ್ತೆಗೂ ತಿಳಿದಿದೆ. ಇನ್ನು ಇಬ್ಬರೂ ದಿನಾ ಬೆಳಿಗ್ಗೆ ಒಂದೇ ಒಲೆಯ ಮುಂದೆ ನಿಂತು ದೋಸೆ ಎರೆಯಬೇಕು. ಈ ಕಥೆಯ ಭಯವೆಲ್ಲ ಆ ಅಡುಗೆಮನೆಯಲ್ಲಿದೆ ಎಂಬುದು ನನಗೀಗ ಖಚಿತವಾಗಿದೆ.

ಹೊಸದಾಗಿ ಓದುತ್ತಿರುವವರಿಗಾಗಿ ಎಳೆ ಇಷ್ಟು. ಸಾಗರ ಸೀಮೆಯ ಅಡಿಕೆ ತೋಟದ ಮನೆ. ಮಾವ ತೀರಿಕೊಂಡ ಮೇಲೆ ಜಮೀನನ್ನು ವಾರಸುದಾರರ ಹೆಸರಿಗೆ ಬರೆಸುವ ಪೌತಿ ಖಾತೆ ಮಾಡಿಸಬೇಕು, ಅದಕ್ಕೆ ವಂಶವೃಕ್ಷ ಬೇಕು. ನಾಡಕಚೇರಿಗೆ ಓಡಾಡುವ ಕೆಲಸ ಸೊಸೆಯ ಪಾಲಿಗೆ ಬರುತ್ತದೆ. ದಾಖಲೆ ಹುಡುಕುವಾಗ ಹಳೆಯ ವಂಶವೃಕ್ಷದ ಪ್ರತಿಯೊಂದು ಸಿಗುತ್ತದೆ. ಅದರಲ್ಲಿ ಮೂವರು ಗಂಡುಮಕ್ಕಳ ಹೆಸರಿದೆ, ಮಗಳ ಹೆಸರಿಲ್ಲ. ಮಾವನಿಗೊಬ್ಬ ತಂಗಿಯಿದ್ದಳು, ಮದುವೆಯಾಗದೆ ಮನೆಯಲ್ಲೇ ಉಳಿದವಳು, 1995ರ ಆಷಾಢದಲ್ಲಿ ಬಾವಿಗೆ ಬಿದ್ದು ಸತ್ತವಳು. ಸತ್ತವಳೆಂದು ಬಿಟ್ಟಿರಬೇಕು ಎಂದುಕೊಂಡು ಸೊಸೆ ಕಾಗದ ಮಡಚುತ್ತಾಳೆ. ಮಡಚುವಾಗ ಮೊಹರಿನ ಕೆಳಗಿನ ದಿನಾಂಕ ಕಣ್ಣಿಗೆ ಬೀಳುತ್ತದೆ. ಅದು ಸಾವಿಗಿಂತ ಹದಿನೈದು ದಿನ ಮುಂಚಿನದು.

ಇಸವಿಯನ್ನು ಬೇಕೆಂದೇ ಆರಿಸಿಕೊಂಡೆ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಸಮಪಾಲು ಎಂದರೆ ಎಲ್ಲರೂ 2005ರ ಕೇಂದ್ರದ ತಿದ್ದುಪಡಿಯನ್ನು ನೆನೆಯುತ್ತಾರೆ. ಕರ್ನಾಟಕ ಅದಕ್ಕೆ ಹನ್ನೊಂದು ವರ್ಷ ಮೊದಲೇ, 1994ರ ಜುಲೈ 30ರಿಂದ ಜಾರಿಗೆ ಬರುವಂತೆ ಹಿಂದೂ ಉತ್ತರಾಧಿಕಾರ ಕಾಯ್ದೆಯನ್ನು ತಿದ್ದಿತ್ತು. ಆದರೆ ಆ ದಿನಕ್ಕಿಂತ ಮೊದಲು ಮದುವೆಯಾದವರಿಗೆ ಅದರ ಲಾಭವಿರಲಿಲ್ಲ. ಹಾಗಾದರೆ ಮದುವೆಯಾಗದ ಮಗಳು? ಹಿಂದಿನ ವರ್ಷದವರೆಗೆ ಮನೆಯವರ ಕನಿಕರದಲ್ಲಿ ಬದುಕಿದ್ದವಳು ರಾತ್ರೋರಾತ್ರಿ ತೋಟದ ಪಾಲುದಾರಳಾದಳು. ಅಣ್ಣಂದಿರು ಪಾಲಿಗೆ ಕೂರುವ ಹೊತ್ತಿಗೆ ಆಕೆ ಆ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ್ದಳು. ಓದಿದ್ದಷ್ಟೇ ಅಲ್ಲ, ಊಟದ ಹೊತ್ತಿನಲ್ಲಿ ಎಲ್ಲರೆದುರು ಬಾಯಿಬಿಟ್ಟು ಕೇಳಿಯೂ ಇದ್ದಳು. ಆ ಒಂದು ಪ್ರಶ್ನೆಗಾಗಿ ನನಗೆ ಆಕೆಯ ಮೇಲೆ ಬಹಳ ಪ್ರೀತಿ.

ಸಾವಿನ ಬಗೆಯನ್ನು ಈ ಸಲ ಬದಲಿಸಿದೆ. ಮೊದಲ ಯೋಜನೆಯಲ್ಲಿ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಇತ್ತು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಅಡಿಕೆ ಮನೆಗಳಲ್ಲೆಲ್ಲ ಅದು ಇದ್ದೇ ಇರುತ್ತದೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಆದರೆ ಅದರ ಬಣ್ಣವೇ ನೀಲಿ, ನಾಲಿಗೆಗೆ ಲೋಹದ ರುಚಿ, ವಾಂತಿಯೂ ನೀಲಿ ಹಸಿರು. ಗುಟ್ಟಾಗಿ ಉಣಿಸುವ ವಿಷವಲ್ಲ ಅದು. ಬಾವಿಯೇ ಸರಿ ಎನಿಸಿತು.

ಬಾವಿಯಿಂದ ಇನ್ನೊಂದು ಉಪಕಾರವಾಯಿತು, ಸುಳಿವು ತಾನಾಗಿ ಒದಗಿತು. ನೀರು ಸೇದುವಾಗ ಹಗ್ಗ ತುಂಡಾಗಿ ಆಯತಪ್ಪಿದಳು ಎಂದು ಮನೆಯವರು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದಾರೆ. ಬೇಸಿಗೆಯಾಗಿದ್ದರೆ ಯಾರಾದರೂ ನಂಬಬಹುದು. ಆಷಾಢದ ಮಳೆಗೆ ಆ ಮನೆಯ ಬಾವಿ ಕಟ್ಟೆಯವರೆಗೆ ತುಂಬುತ್ತದೆ, ಬಗ್ಗಿದರೆ ಕೊಡ ಮುಳುಗುತ್ತದೆ. ಬಯಲುಸೀಮೆಯಿಂದ ಬಂದ ಸೊಸೆಗೆ ಇದು ಹೊಳೆಯಲು ಆ ಮನೆಯಲ್ಲಿ ಒಂದು ಮಳೆಗಾಲ ಕಳೆಯಬೇಕಾಯಿತು. ಎರಡನೆಯ ಭಾಗ ಅಲ್ಲಿಗೇ ನಿಲ್ಲುತ್ತದೆ:

"ಆಷಾಢದಲ್ಲಿ ಬಾವಿಗೆ ಹಗ್ಗ ಏಕೆ ಬೇಕಿತ್ತು, ಅತ್ತೆ?"

"ಹಾಲು ಉಕ್ಕುತ್ತಿದೆ ಕೂಸೇ, ಒಲೆಯ ಕಡೆ ನೋಡು."

ಅತ್ತೆಯನ್ನು ಕೆಟ್ಟವಳನ್ನಾಗಿ ಮಾಡುವುದಿಲ್ಲ. ಆ ರಾತ್ರಿ ಆಕೆ ಎಳೆ ಬಾಣಂತಿ, ಒಳಗಿನ ಕೋಣೆಯಲ್ಲಿದ್ದಳು, ಹಿತ್ತಿಲಿನ ಮಾತು ಆಕೆಯ ಕಿವಿಗೆ ಬಿದ್ದಿತ್ತು. ಬೆಳಗಾಗುವಷ್ಟರಲ್ಲಿ ಒಣ ಸೌದೆ ಹೊರಬಂದಿತ್ತು, ಮಧ್ಯಾಹ್ನಕ್ಕೆ ದಹನ ಮುಗಿದಿತ್ತು. ಠಾಣೆಗೆ ಯಾರೂ ಹೋಗಲಿಲ್ಲ, ಪಂಚನಾಮೆ ಆಗಲಿಲ್ಲ. ದೇಹ ಸಿಕ್ಕಿದ್ದರೆ ಮೂಳೆಯ ಮಜ್ಜೆಯಲ್ಲಿ ಡಯಾಟಂ ಎಂಬ ನೀರಿನ ಸೂಕ್ಷ್ಮ ಪಾಚಿಯನ್ನು ಹುಡುಕಿ, ನೀರಿಗೆ ಬೀಳುವಾಗ ಜೀವವಿತ್ತೇ ಎಂದು ನೋಡುವ ದಾರಿಯಿತ್ತು. ಆ ದಾರಿ ಚಿತೆಯಲ್ಲೇ ಮುಚ್ಚಿಹೋಯಿತು. ಹಾಗಾಗಿ ಸೊಸೆಯ ಕೈಯಲ್ಲಿರುವುದು ಒಂದು ದಿನಾಂಕ, ಒಂದು ಹಗ್ಗದ ಕಥೆ, ಬಾಯಿ ತೆರೆಯದ ಒಬ್ಬ ಸಾಕ್ಷಿ.

ಮೂರನೆಯ ಭಾಗ ಈ ಸಾಕ್ಷಿಯದು. ಕೊಲೆಯ ಆರೋಪಕ್ಕೆ ಕಾಲಮಿತಿ ಇಲ್ಲ, ಘಟನೆ 1995ರದ್ದಾದ್ದರಿಂದ ಅಪರಾಧವನ್ನು ಹಳೆಯ ದಂಡಸಂಹಿತೆಯಂತೆಯೇ ನೋಡಬೇಕು. ಮೂವರು ಅಣ್ಣಂದಿರಲ್ಲಿ ಬದುಕಿ ಉಳಿದಿರುವ ದೊಡ್ಡಪ್ಪ ಇಂದಿಗೂ ಜಗುಲಿಯಲ್ಲಿ ಕುಳಿತು ಅಡಿಕೆಯ ಧಾರಣೆ ಕೇಳುತ್ತಾನೆ. ಅತ್ತೆ ಮಾತಾಡಿದರೆ ಮನೆ ಒಡೆಯುತ್ತದೆ, ಮಾತಾಡದಿದ್ದರೆ ಹೊಸ ವಂಶವೃಕ್ಷಕ್ಕೂ ಆ ಹೆಸರು ಬರುವುದಿಲ್ಲ. ಅತ್ತೆಯ ಅಧ್ಯಾಯವನ್ನು ಆಕೆಯ ದನಿಯಲ್ಲೇ, ಬಚ್ಚಲ ಒಲೆಗೆ ಬೆಂಕಿ ಹಾಕುತ್ತಾ ಹೇಳುವಂತೆ ಬರೆಯಲು ಶುರುಮಾಡಿದ್ದೇನೆ. ಆಕೆ ಎಲ್ಲವನ್ನೂ ಹೇಳುತ್ತಾಳೆ, ಬಾವಿಕಟ್ಟೆಯಲ್ಲಿ ಎಷ್ಟು ಜನರಿದ್ದರು ಎಂಬುದೊಂದನ್ನು ಬಿಟ್ಟು.

ಇನ್ನು ಪಾಲುಪಟ್ಟಿಯ ಭಾಷೆ ಬಾಕಿಯಿದೆ. ತೊಂಬತ್ತರ ದಶಕದಲ್ಲಿ ಛಾಪಾ ಕಾಗದದ ಮೇಲೆ ಕೈಬರಹದಲ್ಲಿ ಪಾಲುಪಟ್ಟಿ ಬರೆಯುತ್ತಿದ್ದ ಪತ್ರಬರಹಗಾರರ ಪರಿಚಯ ಯಾರಿಗಾದರೂ ಇದ್ದರೆ ದಯವಿಟ್ಟು ತಿಳಿಸಿ. ಚಕ್ಕುಬಂದಿ, ಅಂದರೆ ಜಮೀನಿನ ನಾಲ್ಕು ಎಲ್ಲೆಗಳ ವಿವರ, ಬರೆಯುವ ಧಾಟಿಯನ್ನು ಅವರ ಬಾಯಿಂದಲೇ ಕೇಳಿಕೊಂಡು ಆ ಪುಟವನ್ನು ಬರೆಯಬೇಕೆಂದಿದ್ದೇನೆ.