ಊರಿನ ಜನಸಂಖ್ಯೆ, ಊರಿನ ಬಸ್ಸು: ಬರೆಯುವ ಮೊದಲು ನೋಡಬೇಕಾದ್ದು

ರಸ್ತೆಗೋ ಬಸ್ಸಿಗೋ ಅರ್ಜಿ ಕೊಡುವಾಗ ಮೊದಲು ಕೇಳುವುದು ಊರಿನಲ್ಲಿ ಎಷ್ಟು ಜನ, ಎಲ್ಲಿಂದ ಎಷ್ಟು ದೂರ ಎಂದು. ಮಂಡ್ಯ ಸೀಮೆಯ ಹಳ್ಳಿಗಳ ವಿವರದಲ್ಲಿ ಹೆಚ್ಚು ತಪ್ಪಾಗುವುದೂ ಇವೆರಡರಲ್ಲೇ.

ಜನಗಣತಿ ಲೆಕ್ಕ ಕೊಡುವುದು ಕಂದಾಯ ಗ್ರಾಮಕ್ಕೆ, ಅಂದರೆ ಕಂದಾಯ ದಾಖಲೆಯಲ್ಲಿ ತನ್ನದೇ ಹೆಸರು, ಎಲ್ಲೆ ಇರುವ ಗ್ರಾಮಕ್ಕೆ. ಮದ್ದೂರು, ಮಳವಳ್ಳಿ ಕಡೆಯ ದೊಡ್ಡಿಗಳು, ಪಾಂಡವಪುರ, ಶ್ರೀರಂಗಪಟ್ಟಣ ಕಡೆಯ ಕೊಪ್ಪಲುಗಳು ಎಷ್ಟೋ ಸಲ ಇನ್ನೊಂದು ಗ್ರಾಮದ ಎಲ್ಲೆಯೊಳಗಿನ ಮಜರೆಗಳು, ಅಂದರೆ ಉಪಗ್ರಾಮಗಳು. ಅಲ್ಲಿನ ಜನ ಮೂಲ ಗ್ರಾಮದ ಲೆಕ್ಕಕ್ಕೆ ಸೇರಿಹೋಗಿರುತ್ತಾರೆ. 2011ರ ಪಟ್ಟಿಯಲ್ಲಿ ನಿಮ್ಮ ಕೊಪ್ಪಲು ಸಿಗದಿದ್ದರೆ ಅಲ್ಲಿನ ಒಂದು ಪಹಣಿ ತೆಗೆಸಿ, ಮೇಲ್ಗಡೆ ಯಾವ ಗ್ರಾಮದ ಹೆಸರಿದೆ ನೋಡಿ. ಹುಡುಕಬೇಕಾದ್ದು ಆ ಹೆಸರನ್ನು. ಹೆಸರಿದ್ದೂ ಜನಸಂಖ್ಯೆ ಸೊನ್ನೆ ಎಂದಿದ್ದರೆ ಅದು ಬೇಚರಾಕ್ ಗ್ರಾಮ: ಜಮೀನಿದೆ, ವಾಸವಿಲ್ಲ. ಹೊಸಹಳ್ಳಿಯಂಥ ಹೆಸರು ಹಲವು ಕಡೆ ಇರುವುದರಿಂದ ಹೋಬಳಿಯನ್ನೂ ಜನಗಣತಿಯ ಆರಂಕಿಯ ಗ್ರಾಮ ಸಂಕೇತವನ್ನೂ ಜೊತೆಗೆ ಬರೆದಿಡಿ.

ಮತದಾರರ ಪಟ್ಟಿಯನ್ನು ಜನಸಂಖ್ಯೆ ಎನ್ನಬೇಡಿ, ಅದರಲ್ಲಿ ಮಕ್ಕಳಿಲ್ಲ. ರೇಷನ್ ಕಾರ್ಡಿನಲ್ಲಿ ಬೆಂಗಳೂರಿಗೆ ಹೋದವರೂ ಉಳಿದಿರುತ್ತಾರೆ. ಹಳೆಯ ಅಂಕಿಗೆ ರಾಜ್ಯದ ಸರಾಸರಿ ಬೆಳವಣಿಗೆ ಸೇರಿಸಿ ಅಂದಾಜು ಕಟ್ಟುವುದಂತೂ ಈ ಜಿಲ್ಲೆಯಲ್ಲಿ ಪೂರ್ತಿ ದಾರಿ ತಪ್ಪಿಸುತ್ತದೆ. 2001ರಿಂದ 2011ರೊಳಗೆ ರಾಜ್ಯ ಶೇ 15.6ರಷ್ಟು ಬೆಳೆಯಿತು, ಮಂಡ್ಯ ಜಿಲ್ಲೆ 17,63,705ರಿಂದ 18,05,769ಕ್ಕೆ, ಅಂದರೆ ಬರೀ ಶೇ 2.4. ಜನ ಕಡಿಮೆಯಾದ ಹಳ್ಳಿಗಳೂ ಇವೆ. ಮುಂದಿನ ಗಣತಿಯ ಆಧಾರ ದಿನ 2027ರ ಮಾರ್ಚ್ 1. ಆ ಅಂಕಿ ಬರುವವರೆಗೆ 2011ರದ್ದನ್ನೇ ಇಸವಿ ಹಾಕಿ ಕೊಡಿ.

ಹಳ್ಳಿಗಳಿಗೆ ರಸ್ತೆ ಮಾಡಿಸುವ ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಯ ಲೆಕ್ಕ ಮಾತ್ರ ಬೇರೆ. ಅದು ಕಂದಾಯ ಗ್ರಾಮವನ್ನಲ್ಲ, ಜನವಸತಿಯನ್ನು ನೋಡುತ್ತದೆ. ಬಯಲು ಸೀಮೆಯಲ್ಲಿ 500 ಜನ ಇರಬೇಕು, ಸರ್ವಋತು ರಸ್ತೆ ಕನಿಷ್ಠ 500 ಮೀಟರ್ ದೂರದಲ್ಲಿರಬೇಕು. 500 ಮೀಟರ್ ದೂರದೊಳಗಿನ ವಸತಿಗಳನ್ನು ಕೂಡಿಸಿ ತೋರಿಸಬಹುದು. ಪಕ್ಕಪಕ್ಕದ ಎರಡು ದೊಡ್ಡಿಗಳು ಬೇರೆಬೇರೆ ಅರ್ಜಿ ಕೊಟ್ಟು ಎರಡೂ ತಿರಸ್ಕಾರವಾಗುವುದು ಇದನ್ನು ಗಮನಿಸದೆ.

ದೂರವನ್ನು ನಕ್ಷೆಯಲ್ಲಿ ನೇರಗೆರೆ ಎಳೆದು ಅಳೆಯಬೇಡಿ. ನಡುವೆ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯೋ ಹೊಳೆಯೋ ಇದ್ದರೆ ಸೇತುವೆ ಇರುವ ಕಡೆ ಸುತ್ತಿಯೇ ಹೋಗಬೇಕು. ರೈಲು ನಿಲ್ದಾಣ ಹತ್ತಿರವಿದ್ದರೆ ಸಾಲದು. ಹನಕೆರೆ, ಯಲಿಯೂರಿನಂಥ ಸಣ್ಣ ನಿಲ್ದಾಣದಲ್ಲಿ ಬಹುತೇಕ ಎಕ್ಸ್‌ಪ್ರೆಸ್‌ಗಳು ನಿಲ್ಲುವುದಿಲ್ಲ. ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಕಣ್ಣಿಗೆ ಕಾಣುತ್ತದೆ ಎಂದಮಾತ್ರಕ್ಕೆ ಊರಿಗೆ ಸಂಪರ್ಕ ಸಿಕ್ಕಂತಲ್ಲ. ಅದರ ಮುಖ್ಯ ಪಥಕ್ಕೆ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್ ಬಿಡುವುದಿಲ್ಲ. ಹಳ್ಳಿಯವರಿಗೆ ಇರುವುದು ಸರ್ವಿಸ್ ರಸ್ತೆ, ಅಂಡರ್‌ಪಾಸ್. ಆದ್ದರಿಂದ ಅಂಡರ್‌ಪಾಸ್ ಎಷ್ಟು ದೂರ, ಮಳೆಗಾಲದಲ್ಲಿ ಅಲ್ಲಿ ನೀರು ನಿಲ್ಲುತ್ತದೆಯೇ ಎಂದೂ ಬರೆಯಬೇಕು.

ಬಸ್ಸಿನ ವಿಷಯದಲ್ಲಿ ‘ಬಸ್ ಸೌಕರ್ಯವಿದೆ’ ಎಂಬ ಒಂದು ಸಾಲು ಯಾರಿಗೂ ಉಪಯೋಗವಿಲ್ಲ. ಬಸ್ಸು ಊರೊಳಗೆ ಬರುತ್ತದೆಯೋ, ಕ್ರಾಸಿನಲ್ಲೇ ಇಳಿಯಬೇಕೋ? ಕ್ರಾಸಿನಿಂದ ನಡಿಗೆ ಎಷ್ಟು? ರಾತ್ರಿ ತಂಗುವ ಬಸ್ಸಿದೆಯೇ? ಅದಿದ್ದರೆ ಬೆಳಗಿನ ಮೊದಲ ಟ್ರಿಪ್ಪು ಊರಿನಿಂದಲೇ ಹೊರಡುತ್ತದೆ. ಕಾಲೇಜಿಗೆ, ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳಿಗೆ ಅದೇ ಆಧಾರ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಉಚಿತ ಟಿಕೆಟ್ ಸಿಗುವುದು ಸರ್ಕಾರಿ ಬಸ್ಸಿನಲ್ಲಿ ಮಾತ್ರ. ಖಾಸಗಿ ಬಸ್ಸು ಮಾತ್ರ ಓಡುವ ದಾರಿಯಾದರೆ ಅದನ್ನು ಬಿಡಿಸಿ ಹೇಳಿ.

ಬರುತ್ತಿದ್ದ ಬಸ್ಸು ನಿಲ್ಲುವುದಕ್ಕೆ ಕಾರಣಗಳು ಊರೊಳಗೇ ಇರುವುದುಂಟು: ತಿರುಗಿಸಲು ಜಾಗವಿಲ್ಲ, ಜೋತುಬಿದ್ದ ಕರೆಂಟ್ ತಂತಿ, ರಸ್ತೆ ಮೇಲೆ ಹುರುಳಿ, ರಾಗಿ ಒಕ್ಕಣೆ. ಚಕ್ರಕ್ಕೆ ಸುತ್ತಿಕೊಂಡ ಹುಲ್ಲಿಗೆ ಬೆಂಕಿ ಹತ್ತುವ ಅಪಾಯವಿರುವುದರಿಂದ ಚಾಲಕರು ಆ ದಾರಿ ಬಿಡುತ್ತಾರೆ. ಇವನ್ನು ಮೊದಲು ಸರಿಪಡಿಸಿ, ಆಮೇಲೆ ಡಿಪೋಗೆ ಅರ್ಜಿ ಕೊಡಿ. ಅದರಲ್ಲಿ ಬೆಳಗ್ಗೆ ಯಾವ ಹೊತ್ತಿಗೆ ಎಷ್ಟು ಜನ ಎಲ್ಲಿಗೆ ಹೋಗುತ್ತಾರೆ, ಸಂಜೆ ಯಾವ ಹೊತ್ತಿಗೆ ವಾಪಸ್ಸು, ಪಾಸಿನ ಮಕ್ಕಳು ಎಷ್ಟು ಎಂಬುದಿರಲಿ. ಗ್ರಾಮ ಪಂಚಾಯಿತಿ ನಿರ್ಣಯದ ಪ್ರತಿಯನ್ನೂ ಲಗತ್ತಿಸಿ.