ಪಯಸ್ವಿನಿಯ ದಡದಲ್ಲಿ ಆನೆ, ಹಂದಿ, ಆಮೆ ಮತ್ತು ಪಂಚಾಯತಿ

ಚೆರ್ಕಳದಲ್ಲಿ ಹೆದ್ದಾರಿ ಬಿಟ್ಟು ಜಾಲ್ಸೂರು ರಸ್ತೆಗೆ ತಿರುಗಿದರೆ ಬೋವಿಕ್ಕಾನ, ಮುಳ್ಳೇರಿಯ, ಆದೂರು, ಆಮೇಲೆ ಕರ್ನಾಟಕದ ಗಡಿ. ಬಸ್ಸಿನ ಕಿಟಕಿಯಿಂದ ಕಾಣುವುದು ಕಂಗಿನ (ಅಡಕೆಯ) ತೋಟ, ರಬ್ಬರು, ಗೇರುಗುಡ್ಡೆ, ನಡುನಡುವೆ ಕಾರಡ್ಕದ ರಕ್ಷಿತಾರಣ್ಯ. ಕಾಸರಗೋಡಿನಲ್ಲಿ ಅಭಯಾರಣ್ಯವೂ ಇಲ್ಲ, ರಾಷ್ಟ್ರೀಯ ಉದ್ಯಾನವೂ ಇಲ್ಲ. ಸಫಾರಿ ಜೀಪು, ಟಿಕೇಟು ಕೌಂಟರು ಹುಡುಕಿಕೊಂಡು ಬಂದವರು ನಿರಾಶರಾಗಿ ಬೇಕಲ ಕೋಟೆಗೆ ಹೋಗುತ್ತಾರೆ. ಆದರೆ ಕಾಡುಪ್ರಾಣಿಯ ಜೊತೆ ಜನ ಹೇಗೆ ಬಾಳುತ್ತಾರೆ, ಅದರ ಖರ್ಚು ಯಾರ ತಲೆಗೆ ಬರುತ್ತದೆ ಎಂದು ನೋಡಬೇಕಿದ್ದರೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಇಲ್ಲಿ ಕಾಡು ಮುಗಿಯುವುದು ಎಲ್ಲಿ, ತೋಟ ಸುರುವಾಗುವುದು ಎಲ್ಲಿ ಎಂದು ಗೆರೆ ಎಳೆಯಲು ಬರುವುದಿಲ್ಲ.

ಪಯಸ್ವಿನಿ ಹೊಳೆ ನೋಡಲು ಜನವರಿಯಿಂದ ಮಾರ್ಚ್ ಒಳ್ಳೆಯ ಕಾಲ. ಆನೆ ತಡೆಯುವ ಬೇಲಿ ನೋಡುವುದಾದರೆ ಮಳೆಗಾಲದಲ್ಲೇ ಬರಬೇಕು; ಬೇಸಿಗೆಯಲ್ಲಿ ಎಲ್ಲ ಬೇಲಿಯೂ ಚೆನ್ನಾಗಿಯೇ ಕಾಣುತ್ತದೆ.

ಬೇಲಿಯೆಂದರೆ ಸೌರಶಕ್ತಿಯ ತೂಗುಬೇಲಿ. ಆದೂರು, ದೇಲಂಪಾಡಿ ಕಡೆಯ ತೋಟಗಳಿಗೆ ಆನೆ ಬರುವುದು ಹೆಚ್ಚಾಗಿ ಕರ್ನಾಟಕದ ಕಡೆಯ ಕಾಡಿನಿಂದ, ಬೇಸಿಗೆಯಲ್ಲಿ ಪಯಸ್ವಿನಿಯ ನೀರು ಇಳಿದಾಗ ಹೊಳೆ ದಾಟಿ. ಇದಕ್ಕೆ ತಡೆಯಾಗಿ ಕಾರಡ್ಕ ಬ್ಲಾಕ್ ಪಂಚಾಯತಿ ಅರಣ್ಯ ಇಲಾಖೆಯನ್ನೂ ಗ್ರಾಮ ಪಂಚಾಯತಿಗಳನ್ನೂ ಸೇರಿಸಿಕೊಂಡು ಗಡಿಯುದ್ದಕ್ಕೆ ಸುಮಾರು 29 ಕಿ.ಮೀ. ತೂಗುಬೇಲಿಯ ಯೋಜನೆ ಹಾಕಿತು. ಹಣದ ಒಂದು ಪಾಲು ಪಂಚಾಯತಿಗಳದ್ದೇ ಎಂಬುದು ಇಲ್ಲಿನ ವಿಶೇಷ. ಇಲಾಖೆ ಹಾಕಿದ ಬೇಲಿಗೆ ಊರಿನವರು ಕಾವಲು ನಿಲ್ಲುವುದು ಕಡಿಮೆ. ಪಂಚಾಯತಿ ಹಣ ಹಾಕಿದ್ದರೆ ವಾರ್ಡು ಮೆಂಬರನ್ನಾದರೂ ಹಿಡಿದು ಕೇಳಬಹುದು.

ಕಟ್ಟುವ ಕ್ರಮ ಸರಳ. ಸುಮಾರು 4 ಮೀಟರ್ ಎತ್ತರದ ಕಬ್ಬಿಣದ ಕಂಬಗಳು, ಮೇಲೆ ಅಡ್ಡ ತಂತಿ, ಅದರಿಂದ ಕೆಳಗೆ ಬಿಟ್ಟ ತೆಳು ಉಕ್ಕಿನ ಎಳೆಗಳು. ಎಳೆಯ ತುದಿ ನೆಲದಿಂದ ಸುಮಾರು 1 ಮೀಟರ್ ಮೇಲೆ ನಿಲ್ಲಬೇಕು. ಹಂದಿ, ಬರಿಂಕದಂಥ ಸಣ್ಣ ಪ್ರಾಣಿಗಳು ಅಡಿಯಿಂದ ನುಸುಳಿ ಹೋಗಲಿ, ಹುಲ್ಲು ಬೆಳೆದು ತಾಗದಿರಲಿ ಎಂದು ಈ ಲೆಕ್ಕ. ಸೋಲಾರ್ ಫಲಕ, 12 ವೋಲ್ಟಿನ ಬ್ಯಾಟರಿ, ಎನರ್ಜೈಸರ್ ಸೇರಿ ಸೆಕೆಂಡಿಗೆ ಒಂದರಂತೆ ಹೊಡೆತ ಕಳಿಸುತ್ತವೆ. ವೋಲ್ಟೇಜು ಸಾವಿರಗಳಲ್ಲಿ, ಆದರೆ ಪ್ರತಿ ಹೊಡೆತ ಸೆಕೆಂಡಿನ ಸಾವಿರದ ಒಂದು ಪಾಲೂ ಉಳಿಯುವುದಿಲ್ಲ. ಆದ್ದರಿಂದ ಆನೆಗೆ ನೋವಾಗುತ್ತದೆ, ಜೀವ ಹೋಗುವುದಿಲ್ಲ. ಮನೆಯ ಲೈನಿನಿಂದ ನೇರ ಕರೆಂಟು ಎಳೆಯುವುದಕ್ಕೂ ಇದಕ್ಕೂ ವ್ಯತ್ಯಾಸ ಇಲ್ಲೇ. ನೇರ ಕರೆಂಟು ಆನೆಯನ್ನೂ ಕೊಲ್ಲುತ್ತದೆ, ಬೆಳಿಗ್ಗೆ ಸೊಪ್ಪು ತರಲು ಹೋದ ನೆರೆಮನೆಯವರನ್ನೂ ಕೊಲ್ಲುತ್ತದೆ. ಎರಡಕ್ಕೂ ಜೈಲೇ.

ಕೆಡುವುದು ಎಲ್ಲಿ ಎಂದು ಕೇಳಿದರೆ ಬಹುಪಾಲು ಉತ್ತರ ಬಳ್ಳಿ. ಜೂನ್ ಜುಲೈ ಮಳೆಗೆ ಕಂಬ ಹತ್ತಿದ ಬಳ್ಳಿ ವಾರದೊಳಗೆ ತಂತಿ ಮುಟ್ಟುತ್ತದೆ, ಕರೆಂಟು ಹಸಿ ಬಳ್ಳಿಯ ಮೂಲಕ ನೆಲಕ್ಕೆ ಸೋರುತ್ತದೆ. ಮೀಟರು ಹಿಡಿದರೆ 5 ಕಿಲೊವೋಲ್ಟ್‌ಗಿಂತ ಕೆಳಗೆ ಇಳಿದಿರುತ್ತದೆ. ಆ ಮಟ್ಟದ ಪೆಟ್ಟನ್ನು ದಪ್ಪ ಚರ್ಮದ ಆನೆ ಲೆಕ್ಕಕ್ಕೆ ಇಡುವುದಿಲ್ಲ. ಬೇಸಿಗೆಯಲ್ಲಿ ಇದಕ್ಕೆ ತದ್ವಿರುದ್ಧ: ಮುರಕಲ್ಲು ನೆಲ ಒಣಗಿ ಅರ್ಥಿಂಗ್ ಸಿಗುವುದಿಲ್ಲ. ಸುಮಾರು 2 ಮೀಟರ್ ಉದ್ದದ ಮೂರು ಸರಳನ್ನಾದರೂ 3 ಮೀಟರ್ ಅಂತರದಲ್ಲಿ ಹೂಳಿ, ಇದ್ದಿಲು ಉಪ್ಪು ತುಂಬಿ, ಆಗಾಗ ನೀರು ಹೊಯ್ಯದಿದ್ದರೆ ಬೇಲಿ ಬರೀ ತಂತಿ. ಗಾಳಿಗೆ ಎಳೆಗಳು ಒಂದಕ್ಕೊಂದು ಸುತ್ತಿಕೊಂಡು ನಡುವೆ ಬಾಗಿಲಿನಷ್ಟು ಜಾಗ ಬಿಡುತ್ತವೆ. ಸಿಡಿಲಿಗೆ ಎನರ್ಜೈಸರ್ ಸುಟ್ಟುಹೋಗುತ್ತದೆ. ಬ್ಯಾಟರಿ ನೀರು ಬತ್ತಿದ್ದನ್ನು ಯಾರೂ ನೋಡಿರುವುದಿಲ್ಲ. ಆನೆಯೂ ಸುಮ್ಮನಿರುವುದಿಲ್ಲ. ದಂತಕ್ಕೆ ಕರೆಂಟು ಹತ್ತುವುದಿಲ್ಲ ಎಂದು ಕಲಿತ ಸಲಗ ದಂತದಿಂದಲೇ ಕಂಬ ಎತ್ತುತ್ತದೆ, ಇನ್ನೊಂದು ಪಕ್ಕದ ಮರ ದೂಡಿ ಬೇಲಿಯ ಮೇಲೆ ಹಾಕುತ್ತದೆ. ಬೇಲಿಯ ಎರಡೂ ಬದಿ ಕಾಡು ಸವರಬೇಕು ಎನ್ನುವುದು ಇದಕ್ಕೇ. ಆದರೆ ರಕ್ಷಿತಾರಣ್ಯದ ಬದಿ ಒಂದು ಮರ ಕಡಿಯಬೇಕಿದ್ದರೂ ಅನುಮತಿ ಬೇಕು.

ಹಾಗಾಗಿ ಬೇಲಿಯ ಆಯುಷ್ಯ ನಿಂತಿರುವುದು ಬಳ್ಳಿ ಕಡಿಯುವವನ ಕೂಲಿಯ ಮೇಲೆ. ಯೋಜನೆಯ ಪಟ್ಟಿಯಲ್ಲಿ ಕಂಬ, ತಂತಿ, ಫಲಕಕ್ಕೆಲ್ಲ ಹಣ ಇರುತ್ತದೆ. ಮೂರು ವರ್ಷದ ನಂತರದ ಕತ್ತಿಕೆಲಸಕ್ಕೆ ಇರುವುದಿಲ್ಲ. ಈ ಸೀಮೆಯಲ್ಲಿ ಇದಕ್ಕೊಂದು ಹಳೆಯ ಮಾದರಿ ಇದೆ. ಏತಡ್ಕದ ಕಡೆ ತೋಡಿಗೆ ವರ್ಷ ವರ್ಷ ಕಟ್ಟ (ನೀರು ನಿಲ್ಲಿಸುವ ಅಡ್ಡಗಟ್ಟು) ಕಟ್ಟುತ್ತಾರೆ, ನೀರಿನ ಫಲ ಸಿಗುವ ತೋಟದವರು ಸೇರಿ ಖರ್ಚು ಹಂಚಿಕೊಳ್ಳುತ್ತಾರೆ. ಬೇಲಿಯನ್ನೂ ಹಾಗೆ ಮನೆ ಮನೆಗೆ ಇಂತಿಷ್ಟು ಕಂಬ ಎಂದು ಹಂಚಿಕೊಂಡರೆ ಬಾಳುತ್ತದೆ ಎಂಬುದು ನಮ್ಮ ಅಭಿಪ್ರಾಯ. ತೊಡಕು ಒಂದೇ. ಕಟ್ಟದ ನೀರು ಯಾರಿಗೆ ಎಷ್ಟು ಎಂದು ಕಣ್ಣಿಗೆ ಕಾಣುತ್ತದೆ, ಬಾರದ ಆನೆ ಕಾಣುವುದಿಲ್ಲ. ಎರಡು ವರ್ಷ ಆನೆ ಬಾರದಿದ್ದರೆ ಬೇಲಿಯ ಕೆಲಸಕ್ಕೂ ಜನ ಬರುವುದಿಲ್ಲ.

ಬೇಲಿಯ ಒಳಗೂ ಮಾಡುವುದಕ್ಕೆ ಕೆಲಸ ಉಂಟು. ಹಲಸು ಬಲಿಯುವ ಮೊದಲೇ ಗುಜ್ಜೆಯಲ್ಲೇ ಇಳಿಸಬೇಕು; ಹಣ್ಣಿನ ವಾಸನೆಗೆ ಆನೆ ದೂರದಿಂದ ಬರುತ್ತದೆ. ಗೇರು ಹಣ್ಣು ಬಿದ್ದು ಕೊಳೆಯುವ ಮಾರ್ಚ್‌ನಿಂದ ಮೇ ತನಕ ಗೇರುಗುಡ್ಡೆಯ ಪಕ್ಕದ ಬಾಳೆಗೆ ಉಳಿಗಾಲ ಕಷ್ಟ.

ಮುಳಿಯಾರು ಪಂಚಾಯತಿಯ ಬೋವಿಕ್ಕಾನ, ಇರಿಯಣ್ಣಿ ಸುತ್ತ ಇತ್ತೀಚಿನ ವರ್ಷಗಳಲ್ಲಿ ಮಾತೆಲ್ಲ ಚಿರತೆಯದ್ದು. ಅದು ಬರುವುದು ನಾಯಿಗೆ, ನಾಯಿ ಸೇರುವುದು ರಸ್ತೆಬದಿಗೆ ಚೆಲ್ಲಿದ ಕೋಳಿಯಂಗಡಿಯ ತ್ಯಾಜ್ಯಕ್ಕೆ. ಬೋನು ಇಟ್ಟು ಹಿಡಿಯುವುದು ಕೊನೆಯ ಕೆಲಸ, ತ್ಯಾಜ್ಯ ನಿಲ್ಲಿಸುವುದು ಮೊದಲನೆಯದು. ರಾತ್ರಿ ನಾಯಿಯನ್ನು ಅಂಗಳದಲ್ಲಿ ಕಟ್ಟಿ ಹಾಕುವುದೆಂದರೆ ಚಿರತೆಗೆ ಬಡಿಸಿ ಇಟ್ಟ ಹಾಗೆ.

ಕಾಡುಹಂದಿಯ ವಿಷಯಕ್ಕೆ ಬಂದರೆ ಪಂಚಾಯತಿ ಕಚೇರಿಯೇ ಪ್ರೇಕ್ಷಣೀಯ ಸ್ಥಳ. 2022ರ ಮೇಯಲ್ಲಿ ಕೇರಳ ಸರಕಾರ ಸ್ಥಳೀಯಾಡಳಿತದ ಅಧ್ಯಕ್ಷರಿಗೆ ಗೌರವ ವನ್ಯಜೀವಿ ವಾರ್ಡನ್ ಸ್ಥಾನ ಕೊಟ್ಟು, ಬೆಳೆ ಹಾಳು ಮಾಡುವ ಹಂದಿಯನ್ನು ಕೊಲ್ಲಿಸುವ ಅಧಿಕಾರ ಒಪ್ಪಿಸಿತು. ಅದಕ್ಕೆ ಮೊದಲು ಕಡತ ಅರಣ್ಯ ಇಲಾಖೆಯ ಮೇಜು ದಾಟುವಾಗ ಹಂದಿ ಇನ್ನೊಂದು ತೋಟಕ್ಕೆ ಹೋಗಿ ಆಗಿರುತ್ತಿತ್ತು. ಈಗಿನ ಕ್ರಮ: ಕೃಷಿಕ ದೂರು ಕೊಡಬೇಕು, ಅಧ್ಯಕ್ಷರು ಆದೇಶ ಹೊರಡಿಸಬೇಕು, ಲೈಸೆನ್ಸು ಇರುವ ಕೋವಿಯವನು ಹೊಡೆಯಬೇಕು, ಹೆಣ ಹೂಳಿ ದಾಖಲೆ ಇಡಬೇಕು. ಉರುಳು, ವಿಷ, ಸಿಡಿಮದ್ದಿನ ತೋಟೆ, ಕರೆಂಟು ಯಾವುದೂ ಕೂಡದು. ತೋಟೆಗೆ ಹಂದಿಯೇ ಬಾಯಿ ಹಾಕಬೇಕೆಂದಿಲ್ಲ. 2020ರಲ್ಲಿ ಪಾಲಕ್ಕಾಡಿನಲ್ಲಿ ಸ್ಫೋಟಕ ಕಚ್ಚಿ ಬಾಯಿ ಸೀಳಿ ಸತ್ತದ್ದು ಬಸುರಿ ಆನೆ.

ಅಧಿಕಾರ ಬಂತು, ಹೊಡೆಯುವ ಜನ ಎಲ್ಲಿ? ಲೈಸೆನ್ಸು ಇರುವವರಲ್ಲಿ ಹೆಚ್ಚಿನವರು ವಯಸ್ಸಾದವರು. ರಾತ್ರಿ ತೋಟದಲ್ಲಿ ಕೂರುವುದಕ್ಕೆ ಕಣ್ಣೂ ಬೇಕು, ಸೊಂಟವೂ ಬೇಕು. ಚುನಾವಣೆ ಘೋಷಣೆಯಾದರೆ ಕೋವಿಗಳನ್ನು ಪೊಲೀಸ್ ಠಾಣೆಯಲ್ಲಿ ಒಪ್ಪಿಸಬೇಕು; ಹಂದಿಗೆ ಚುನಾವಣೆ ಇಲ್ಲ. ಮೇಲಾಗಿ ಇಲ್ಲಿ ಮನೆಗಳು ತೋಟದೊಳಗೆ ಚೆದುರಿಕೊಂಡಿವೆ. ಗುಂಡಿನ ದಾರಿಯಲ್ಲಿ ಯಾರ ಜಗಲಿ ಇದೆ ಎಂದು ನೋಡದೆ ಹೊಡೆಯಲಾಗದು. ಒಂದೆರಡು ಹೊಡೆದ ಮಾತ್ರಕ್ಕೆ ಸಂತತಿ ಇಳಿಯುವುದೂ ಇಲ್ಲ, ಒಂದು ಸೂಲಿಗೆ ನಾಲ್ಕರಿಂದ ಆರು ಮರಿ. ಆದರೂ ಈ ಆದೇಶದಿಂದ ಒಂದು ಲಾಭ ಆಗಿದೆ: ಸಿಟ್ಟು ಹೇಳಿಕೊಳ್ಳಲು ಹತ್ತಿರದಲ್ಲೇ ಒಂದು ಬಾಗಿಲು ತೆರೆದಿದೆ. ಹಾಗೆ ಬಾಗಿಲು ಇಲ್ಲದ ಕಡೆ ಸಿಟ್ಟು ಉರುಳಾಗುತ್ತದೆ.

ಪರಿಹಾರದ ಅರ್ಜಿಗೆ ಮೊದಲು ಹಾನಿಯ ಫೋಟೋ ತೆಗೆಯಬೇಕು. ಬಿದ್ದ ಕಂಗು, ಬಾಳೆಯನ್ನು ತೆರವು ಮಾಡುವ ಮೊದಲೇ ಕೃಷಿಭವನದವರಿಗೆ ತೋರಿಸಬೇಕು. ಗುಡಿಸಿ ಆದ ಮೇಲೆ ಲೆಕ್ಕ ಹಾಕುವವರಿಗೆ ಏನೂ ಕಾಣುವುದಿಲ್ಲ. ಆನೆ ಬಂದಿದೆ ಎಂಬ ಎಚ್ಚರಿಕೆಯ ವಾಟ್ಸಾಪ್ ಸಂದೇಶ, ಅರ್ಜಿಯ ನಮೂನೆ, ಕಾಡಂಚಿನ ಫಲಕ ಹೆಚ್ಚಾಗಿ ಮಲಯಾಳದಲ್ಲೇ ಇರುತ್ತವೆ. ಕನ್ನಡ ಮಾತ್ರ ಓದಬಲ್ಲ ಹಿರಿಯರು ಈ ತೋಟಗಳಲ್ಲಿ ಇನ್ನೂ ಇದ್ದಾರೆ. ಭಾಷಾ ಅಲ್ಪಸಂಖ್ಯಾತರ ಪ್ರದೇಶದಲ್ಲಿ ಇದು ಸೌಜನ್ಯದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಓದಲಾಗದ ಎಚ್ಚರಿಕೆಯಿಂದ ಜೀವ ಉಳಿಯದು.

ಹೊಳೆಯ ಕೆಳಭಾಗಕ್ಕೆ ಇಳಿದರೆ ಪಯಸ್ವಿನಿ ಚಂದ್ರಗಿರಿಯಾಗುತ್ತದೆ. 2023ರಲ್ಲಿ ಕಾಸರಗೋಡು ಜಿಲ್ಲೆ ತನ್ನದೇ ಮರ, ಹೂ, ಹಕ್ಕಿ, ಪ್ರಾಣಿಯನ್ನು ಘೋಷಿಸಿತು; ದೇಶದಲ್ಲಿ ಹೀಗೆ ಮಾಡಿದ ಮೊದಲ ಜಿಲ್ಲೆ ಇದು. ಮರ ಕಾಸರಕ, ಹಕ್ಕಿ ಬಿಳಿಹೊಟ್ಟೆಯ ಕಡಲಹದ್ದು, ಪ್ರಾಣಿ ಈ ಹೊಳೆಯ ದೈತ್ಯ ಮೆದುಚಿಪ್ಪಿನ ಆಮೆ. ಮಲಯಾಳದಲ್ಲಿ ಪಾಲಪೂವನ್. ಚಿಪ್ಪೇ 1 ಮೀಟರ್ ಹತ್ತಿರ ಬೆಳೆಯಬಲ್ಲದು, ಆದರೂ ಹೆಚ್ಚಿನವರು ಕಂಡಿಲ್ಲ: ಹಗಲಿರುಳು ಮರಳಿನೊಳಗೆ ಹೂತುಕೊಂಡಿದ್ದು ಉಸಿರಿಗೆ ಮಾತ್ರ ಮೂಗು ಮೇಲೆತ್ತುವ ಜೀವ. ವಿಜ್ಞಾನಿಗಳಿಗೆ ಇದು ಸಿಕ್ಕಿದ್ದೂ ಹೊಳೆಯ ಜನರನ್ನು ಕೇಳಿಯೇ. ಎಲ್ಲಿ, ಯಾವಾಗ ಕಂಡಿರಿ, ಗಾಳಕ್ಕೆ ಬಿದ್ದದ್ದುಂಟೇ ಎಂದು ಮೀನು ಹಿಡಿಯುವವರನ್ನು ವಿಚಾರಿಸಿ, ಕಂಡರೆ ತಿಳಿಸುವ ಜಾಲ ಕಟ್ಟಿದರು. ಹೆಣ್ಣು ಆಮೆ ಮೊಟ್ಟೆಯಿಟ್ಟ ದಾಖಲೆ 2024ರಲ್ಲಿ ಪ್ರಕಟವಾಯಿತು. ನೀರು ನುಗ್ಗಿದ ಗೂಡಿನ ಮೊಟ್ಟೆ ಉಳಿಸಿ, ಮರಿ ಮಾಡಿಸಿ ಹೊಳೆಗೆ ಬಿಟ್ಟದ್ದೂ ಇದೇ ಕೆಲಸದ ಭಾಗ. ಗೂಡಿನ ಜಾಗ ಇಲ್ಲಿ ಬರೆಯುವುದಿಲ್ಲ, ದೋಣಿಯವರನ್ನು ಕೇಳುವುದೂ ಬೇಡ.

ಮರಳು ತೆಗೆದರೆ ಮೊಟ್ಟೆಗೆ ಜಾಗವಿಲ್ಲ, ತೋಟೆ ಹಾಕಿ ಮೀನು ಹಿಡಿದರೆ ಆಮೆಯೂ ಹೋಯಿತು, ಕಟ್ಟದ ಹಲಗೆ ಹಾಕಿ ನೀರು ಒಂದಡಿ ಏರಿದರೂ ಅಂಚಿನ ಗೂಡು ಮುಳುಗುತ್ತದೆ. ಬಲೆಗೆ ಬಿದ್ದರೆ ತಲೆಯ ಬದಿಗೆ ಕೈ ತರಬಾರದು, ಕುತ್ತಿಗೆ ಎಣಿಸಿದ್ದಕ್ಕಿಂತ ಉದ್ದ ಚಾಚಿ ಕಚ್ಚುತ್ತದೆ. ಚಿಪ್ಪಿನ ಹಿಂಬದಿ ಹಿಡಿದು, ಒದ್ದೆ ಗೋಣಿ ಹೊದಿಸಿ, ಬಲೆಯನ್ನು ಕತ್ತರಿಸಿ ಬಿಡಿಸಬೇಕು. ಗಾಳ ನುಂಗಿದ್ದರೆ ಎಳೆಯದೆ ನೂಲು ಕತ್ತರಿಸಿ ಅರಣ್ಯ ಇಲಾಖೆಗೆ ಹೇಳಬೇಕು. ಕತ್ತರಿಸಿದ ಬಲೆಯ ಬೆಲೆ ಅವತ್ತಿನ ಸಂಪಾದನೆಗಿಂತ ಹೆಚ್ಚು. ಅದನ್ನು ತುಂಬಿ ಕೊಡುವ ಒಂದು ಸಣ್ಣ ನಿಧಿ ಪಂಚಾಯತಿಯಲ್ಲಿ ಇದ್ದರೆ ಬಿಡಿಸುವ ಕೈಗಳು ಹೆಚ್ಚಾಗುತ್ತವೆ. ತೂಗುಬೇಲಿಯ ಒಂದು ಬ್ಯಾಟರಿಯ ಖರ್ಚಿನಷ್ಟೂ ಅದಕ್ಕೆ ಬೇಡ.